ಹಾಲು ಉಕ್ಕುವ ಹೊತ್ತಿಗೆ ಬಿದ್ದ ಗೋಲು

2002ರ ಜೂನ್ 29, ಶನಿವಾರ, ಸಂಜೆ ನಾಲ್ಕೂವರೆ. ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಮೂರನೇ ಸ್ಥಾನಕ್ಕಾಗಿ ಟರ್ಕಿ ಮತ್ತು ದಕ್ಷಿಣ ಕೊರಿಯದ ನಡುವೆ ಪಂದ್ಯ. ಟೀವಿ ಎದುರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದೆ. ಮಳೆ ಬರುವ ಹಾಗಿದೆ ಎಂದು ಬಟ್ಟೆ ತೆಗೆಯಲು ಮಹಡಿಗೆ ಹೋಗಿದ್ದ ಅಮ್ಮ ಅಲ್ಲಿಂದಲೇ ಕೂಗಿದರು: "ಹಾಲು ಉಕ್ಕುತ್ತದೆ, ಒಲೆ ಆರಿಸೋ!" ಓಡಿ ಹೋಗಿ ಒಲೆ ಆರಿಸಿ ಬರುವಷ್ಟರಲ್ಲಿ ಟರ್ಕಿಯ ಆಟಗಾರರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಮೊದಲು ಚೆಂಡು ಒದ್ದದ್ದು ಕೊರಿಯದವರು. ಅವರ ನಾಯಕನ ಕಾಲಿನಿಂದ ಚೆಂಡು ಕಸಿದು, ಹಕನ್ ಶುಕೂರ್ ಗೋಲು ಹೊಡೆದಾಗಿತ್ತು. ಹನ್ನೊಂದೇ ಸೆಕೆಂಡು. ಅಲ್ಲಿಯವರೆಗಿನ ವಿಶ್ವಕಪ್‌ಗಳಲ್ಲೆಲ್ಲ ಅಷ್ಟು ಬೇಗ ಬಂದ ಗೋಲು ಇನ್ನೊಂದಿರಲಿಲ್ಲ. ನಾನು ಹಾಲು ಕಾಪಾಡಿದೆ, ಗೋಲು ಕಳೆದುಕೊಂಡೆ.

ಆ ಗೋಲಿನ ಬಗ್ಗೆ ಬರೆಯುವವರೆಲ್ಲ ಶುಕೂರ್ ಬಗ್ಗೆ ಬರೆಯುತ್ತಾರೆ. ನನಗೆ ನೆನಪಾಗುವುದು ಬೆಂಚಿನಲ್ಲಿದ್ದ ತರಬೇತುದಾರ ಶೆನೋಲ್ ಗುನೇಶ್. ಅದಕ್ಕೆ ಮುಂಚಿನ ಆರು ಪಂದ್ಯಗಳಲ್ಲಿ ಶುಕೂರ್ ಒಂದೇ ಒಂದು ಗೋಲು ಹೊಡೆದಿರಲಿಲ್ಲ. ಅವನನ್ನು ಕೂರಿಸಿ ಇಲ್ಹಾನ್ ಮನ್ಸಿಜ್‌ನನ್ನು ಇಳಿಸಿ ಎಂಬ ಕೂಗು ಟರ್ಕಿಯಲ್ಲಿ ಜೋರಾಗಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಸೆನೆಗಲ್ ವಿರುದ್ಧ ಗುನೇಶ್ 67ನೇ ನಿಮಿಷದಲ್ಲಿ ಶುಕೂರ್‌ನನ್ನು ಹೊರಗೆ ಕರೆದು ಮನ್ಸಿಜ್‌ನನ್ನು ಕಳಿಸಿದರು. 94ನೇ ನಿಮಿಷದಲ್ಲಿ ಅವನೇ ಗೋಲ್ಡನ್ ಗೋಲು (ಹೆಚ್ಚುವರಿ ಅವಧಿಯಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬುದು ಆಗಿನ ನಿಯಮ) ಹೊಡೆದು ಪಂದ್ಯ ಮುಗಿಸಿದ. ಇನ್ನು ಮಾತೇ ಇಲ್ಲ, ಶುಕೂರ್ ಕಥೆ ಮುಗಿಯಿತು ಎಂದುಕೊಂಡರೆ, ಬ್ರೆಜಿಲ್ ವಿರುದ್ಧದ ಸೆಮಿಫೈನಲ್‌ಗೆ ಮತ್ತೆ ಶುಕೂರ್! ರೊನಾಲ್ಡೊ ಒಂದು ಗೋಲು ಹೊಡೆದ, ಟರ್ಕಿ ಸೋತಿತು. ಮೂರನೇ ಸ್ಥಾನದ ಪಂದ್ಯದಲ್ಲಿ ಇಬ್ಬರನ್ನೂ ಒಟ್ಟಿಗೆ ಇಳಿಸಿದರು. ಒಬ್ಬ ಹನ್ನೊಂದು ಸೆಕೆಂಡಿಗೆ ಒಂದು, ಇನ್ನೊಬ್ಬ ಮೂವತ್ತೆರಡು ನಿಮಿಷದೊಳಗೆ ಎರಡು. 3-2. ಇದೇ ಜೋಡಿಯನ್ನು ಮೊದಲೇ ಆಡಿಸಿದ್ದರೆ ಎಂದು ನಾನು ಈಗಲೂ ಗೊಣಗುತ್ತೇನೆ. 1954ರ ನಂತರ ವಿಶ್ವಕಪ್ಪಿನ ಮುಖವನ್ನೇ ನೋಡದಿದ್ದ ದೇಶವನ್ನು ಮೂರನೇ ಸ್ಥಾನಕ್ಕೆ ತಂದವರಿಗೆ ಗೊಣಗುವುದು ನ್ಯಾಯವಲ್ಲ ಎಂದೂ ಗೊತ್ತು.

ಟರ್ಕಿಯಲ್ಲಿ ತರಬೇತುದಾರರನ್ನು 'ಹೋಜಾ' ಎನ್ನುತ್ತಾರೆ. ನಮ್ಮ 'ಮೇಷ್ಟ್ರು' ಎಂಬ ಪದ ಅದಕ್ಕೆ ಸರಿಯಾಗಿ ಕೂರುತ್ತದೆ. ಗುನೇಶ್ ನನಗೆ ಎಂದೂ ಮೇಷ್ಟ್ರಾಗಿಯೇ ಕಂಡವರು. ಪ್ರಶ್ನೆಪತ್ರಿಕೆ ಕೊಟ್ಟು, ಕೈ ಹಿಂದೆ ಕಟ್ಟಿಕೊಂಡು, ತರಗತಿಯ ಕೊನೆಯಲ್ಲಿ ನಿಂತಿರುವ ಮೇಷ್ಟ್ರು. ಅವರು ನನಗೆ ಹತ್ತಿರವಾಗಲು ಇನ್ನೊಂದು ಕಾರಣವೂ ಇದೆ. ಅವರೂ ಗೋಲ್‌ಕೀಪರ್ ಆಗಿದ್ದವರು. ನಾನೂ ಕಾಲೇಜು ತಂಡಕ್ಕೆ ಎರಡು ವರ್ಷ ಗೋಲು ಕಾದವನು. ಅಂತರ ಕಾಲೇಜು ಪಂದ್ಯವೊಂದರಲ್ಲಿ, ಮಗುವೂ ಹಿಡಿಯಬಹುದಾದ ಚೆಂಡನ್ನು ಕಾಲ ಸಂದಿಯಿಂದ ಬಿಟ್ಟುಕೊಟ್ಟೆ. ಅದಕ್ಕೆ ಮುಂಚೆ ತಡೆದ ಏಳೆಂಟು ಹೊಡೆತಗಳು ಯಾರಿಗೂ ನೆನಪಿಲ್ಲ. ಸಹಪಾಠಿಯೊಬ್ಬ ಈಗಲೂ ಮದುವೆ ಮನೆಗಳಲ್ಲಿ ಸಿಕ್ಕಾಗ ಕಾಲು ಅಗಲಿಸಿ ತೋರಿಸುತ್ತಾನೆ.

ಗುನೇಶ್ ಹುಟ್ಟಿದ್ದು 1952ರಲ್ಲಿ, ಕಪ್ಪು ಸಮುದ್ರದ ದಡದ ಟ್ರಾಬ್ಜೋನ್‌ನಲ್ಲಿ. ಊರಿನ ಕ್ಲಬ್ ಟ್ರಾಬ್ಜೋನ್‌ಸ್ಪೋರ್ ಶುರುವಾದದ್ದು 1967ರಲ್ಲಿ. ಆಗೆಲ್ಲ ಟರ್ಕಿಯ ಲೀಗ್ ಎಂದರೆ ಇಸ್ತಾಂಬುಲ್‌ನ ಮೂರು ಮನೆಗಳ ಆಸ್ತಿ: ಗಲಾತಸರಾಯ್, ಫೆನೆರ್‌ಬಾಹ್ಚೆ, ಬೆಶಿಕ್ತಾಶ್. ಅದನ್ನು ಮೊದಲು ಮುರಿದದ್ದು 1976ರಲ್ಲಿ ಟ್ರಾಬ್ಜೋನ್. ಅಲ್ಲಿಂದ 1984ರೊಳಗೆ ಆರು ಬಾರಿ ಚಾಂಪಿಯನ್. ಆರೂ ಸಲ ಗೋಲಿನಲ್ಲಿ ನಿಂತ ಹೆಸರು ಗುನೇಶ್. ಒಂದು ಅವಧಿಯಲ್ಲಿ ಲೀಗಿನಲ್ಲಿ ಸಾವಿರಕ್ಕೂ ಹೆಚ್ಚು ನಿಮಿಷ ಅವರಿಗೆ ಯಾರೂ ಗೋಲು ಹೊಡೆಯಲಾಗಲಿಲ್ಲ. ತೊಂಬತ್ತು ನಿಮಿಷದ ಪಂದ್ಯದ ಲೆಕ್ಕದಲ್ಲಿ ಹನ್ನೊಂದಕ್ಕೂ ಹೆಚ್ಚು ಪಂದ್ಯಗಳು. ಒಂದು ಪಂದ್ಯದಲ್ಲಿ ಗೋಲು ಬಿಟ್ಟುಕೊಡದಿದ್ದರೇ ರಾತ್ರಿ ನಿದ್ದೆ ಬಾರದಷ್ಟು ಹಿಗ್ಗುತ್ತಿದ್ದ ನನಗೆ ಈ ಸಂಖ್ಯೆ ಸುಲಭವಾಗಿ ಅರಗುವುದಿಲ್ಲ. 1976ರಲ್ಲಿ ಯುರೋಪಿನ ಚಾಂಪಿಯನ್ ಕ್ಲಬ್‌ಗಳ ಟೂರ್ನಿಯಾದ ಯುರೋಪಿಯನ್ ಕಪ್‌ಗಾಗಿ ಇಂಗ್ಲೆಂಡಿನ ಲಿವರ್‌ಪೂಲ್ ಆ ಊರಿಗೆ ಬಂದು 1-0ಯಿಂದ ಸೋತು ಹೋಯಿತು. ತನ್ನ ಮನೆಯಲ್ಲಿ ಮೂರು ಗೋಲು ಹೊಡೆದು ಸೇಡು ತೀರಿಸಿಕೊಂಡಿತು ಎನ್ನುವುದು ಬೇರೆ ಮಾತು.

ಆಟಗಾರನಾಗಿ ಆರು ಲೀಗ್ ಪ್ರಶಸ್ತಿ ತಂದವನಿಗೆ ಅದೇ ಊರಿನ ತರಬೇತುದಾರನಾಗಿ ಒಂದೂ ದಕ್ಕಲಿಲ್ಲ. 1996ರಲ್ಲಿ ಲೀಗಿನ ಕೊನೆಯ ಹಂತದಲ್ಲಿ ಟ್ರಾಬ್ಜೋನ್ ಮುಂದಿತ್ತು. ಸ್ವಂತ ಮೈದಾನಕ್ಕೆ ಫೆನೆರ್‌ಬಾಹ್ಚೆ ಬಂತು. ಮೊದಲ ಗೋಲು ಟ್ರಾಬ್ಜೋನ್‌ನದೇ. ಆಮೇಲೆ ಎರಡು ಅವರದು. ಪ್ರಶಸ್ತಿ ಇಸ್ತಾಂಬುಲ್‌ಗೆ ಹೋಯಿತು. 2011ರಲ್ಲಿ ಎರಡೂ ತಂಡಗಳಿಗೆ 82 ಅಂಕ. ಪರಸ್ಪರ ಆಡಿದ ಪಂದ್ಯಗಳ ಲೆಕ್ಕ ನೋಡಿ ಮತ್ತೆ ಫೆನೆರ್‌ಬಾಹ್ಚೆ. ಕೆಲವೇ ವಾರಗಳಲ್ಲಿ ಮ್ಯಾಚ್ ಫಿಕ್ಸಿಂಗ್ ತನಿಖೆ ಶುರುವಾಗಿ, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗಿನಲ್ಲಿ ಫೆನೆರ್‌ಬಾಹ್ಚೆಯ ಜಾಗಕ್ಕೆ ಟ್ರಾಬ್ಜೋನ್ ಹೋಯಿತು, ಮಿಲಾನ್‌ನಲ್ಲಿ ಇಂಟರ್ ತಂಡವನ್ನೂ ಸೋಲಿಸಿತು. ಮೊಕದ್ದಮೆ ವರ್ಷಗಟ್ಟಲೆ ಎಳೆದು, ಫೆನೆರ್‌ಬಾಹ್ಚೆಯ ಅಧ್ಯಕ್ಷರು ಖುಲಾಸೆಯಾದರು. ಪ್ರಶಸ್ತಿ ಇದ್ದಲ್ಲೇ ಉಳಿಯಿತು. ಟ್ರಾಬ್ಜೋನ್‌ನವರು ಆ ವರ್ಷ ತಮ್ಮದೇ ಎಂದು ಈಗಲೂ ವಾದಿಸುತ್ತಾರೆ.

ನಡುವೆ ರಾಷ್ಟ್ರೀಯ ತಂಡ ಲಾಟ್ವಿಯಾಕ್ಕೆ ಸೋತು 2004ರ ಯುರೋ (ಯುರೋಪಿನ ದೇಶಗಳ ಟೂರ್ನಿ) ಅವಕಾಶ ಕಳೆದುಕೊಂಡಿತು, ಗುನೇಶ್ ಮನೆಗೆ ಹೋದರು. ಕೊರಿಯದವರು ಮಾತ್ರ ಅವರನ್ನು ಮರೆತಿರಲಿಲ್ಲ: 2007ರಿಂದ 2009ರವರೆಗೆ ಅವರು ಎಫ್‌ಸಿ ಸೋಲ್ ತಂಡದ ತರಬೇತುದಾರ. ಮೂರನೇ ಸ್ಥಾನದ ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಕೈ ಕೈ ಹಿಡಿದು ಪ್ರೇಕ್ಷಕರಿಗೆ ನಮಿಸಿದ್ದರು. ಆ ನಂಟು ಕೆಲಸಕ್ಕೆ ಬಂತೇನೋ.

ಕೊನೆಗೆ ಲೀಗ್ ಪ್ರಶಸ್ತಿ ಕೈಗೆ ಬಂದದ್ದು 2016ರಲ್ಲಿ, ಆ ಮೂರು ಮನೆಗಳಲ್ಲೊಂದಾದ ಬೆಶಿಕ್ತಾಶ್‌ನಲ್ಲಿ. ವಯಸ್ಸು ಆಗ ಅರವತ್ತಮೂರು. ಮರುವರ್ಷ ಇನ್ನೊಂದು. ಅದರ ಮುಂದಿನ ಋತುವಿನ ಚಾಂಪಿಯನ್ಸ್ ಲೀಗಿನಲ್ಲಿ ಪೋರ್ಟೊ, ಲೈಪ್‌ಜಿಗ್, ಮೊನಾಕೊ ಇದ್ದ ಗುಂಪಿನಲ್ಲಿ ಒಂದೂ ಪಂದ್ಯ ಸೋಲದೆ ಮೊದಲ ಸ್ಥಾನ. 2018ರ ಏಪ್ರಿಲ್‌ನಲ್ಲಿ ಫೆನೆರ್‌ಬಾಹ್ಚೆಯ ಮೈದಾನದಲ್ಲಿ ಕಪ್ ಸೆಮಿಫೈನಲ್ ನಡೆಯುತ್ತಿದ್ದಾಗ ಗ್ಯಾಲರಿಯಿಂದ ಏನೋ ತೂರಿ ಬಂದು ತಲೆಗೆ ಬಡಿಯಿತು. ಪಂದ್ಯ ನಿಂತಿತು, ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿದರು. ಗೋಲ್‌ಕೀಪರ್ ಆಗಿದ್ದವರಿಗೆ ಬೆನ್ನ ಹಿಂದಿನ ಗ್ಯಾಲರಿ ಎಂದರೆ ಏನೆಂದು ಗೊತ್ತಿರುತ್ತದೆ. ಆದರೂ ಆ ಚಿತ್ರ ನೋಡಿದಾಗ ನನ್ನ ಕೈ ತಾನಾಗಿ ತಲೆಗೆ ಹೋಯಿತು.

ರಾಷ್ಟ್ರೀಯ ತಂಡಕ್ಕೆ ಎರಡನೇ ಸಲ ಬಂದಾಗ ಅವರ ಕೀಪರ್ ಬುದ್ಧಿ ಚೆನ್ನಾಗಿ ಕಂಡಿತು. ಯುರೋ ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಟರ್ಕಿ ಬಿಟ್ಟುಕೊಟ್ಟದ್ದು ಮೂರೇ ಗೋಲು. ವಿಶ್ವ ಚಾಂಪಿಯನ್ ಫ್ರಾನ್ಸ್ ಕೂಡ ಕೊನ್ಯಾದಲ್ಲಿ 2-0ಯಿಂದ ಸೋತಿತು. 2021ರಲ್ಲಿ ನಿಜವಾದ ಟೂರ್ನಿ ಬಂದಾಗ ಮೂರು ಪಂದ್ಯಗಳಲ್ಲಿ ಎಂಟು ಗೋಲು ತಿಂದರು, ಹೊಡೆದದ್ದು ಒಂದು. ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್ 6-1ರಿಂದ ಬಡಿಯಿತು. ಕೆಲಸ ಹೋಯಿತು. ಇಲ್ಲಿ ಅವರ ಪರ ವಕಾಲತ್ತು ವಹಿಸಲು ನನ್ನಲ್ಲಿ ಮಾತಿಲ್ಲ.

2023ರ ಫೆಬ್ರವರಿ 26ರಂದು ಅವರು ಮತ್ತೆ ಬೆಶಿಕ್ತಾಶ್‌ನಲ್ಲಿದ್ದರು. ಇಪ್ಪತ್ತು ದಿನ ಮುಂಚೆ, ಬೆಳಗಿನ ಜಾವ 4 ಗಂಟೆ 17 ನಿಮಿಷಕ್ಕೆ ಭೂಕಂಪವಾಗಿತ್ತು. ಆ ದಿನದ ಪಂದ್ಯವನ್ನು 4 ನಿಮಿಷ 17 ಸೆಕೆಂಡಿಗೆ ನಿಲ್ಲಿಸಿದರು. ಸಂತ್ರಸ್ತ ಮಕ್ಕಳಿಗೆಂದು ಪ್ರೇಕ್ಷಕರು ಗೊಂಬೆಗಳನ್ನೂ ಮಫ್ಲರ್‌ಗಳನ್ನೂ ಮೈದಾನಕ್ಕೆ ಎಸೆದರು. ಕರಡಿ ಗೊಂಬೆಗಳು ಹುಲ್ಲಿನ ಮೇಲೆ ಬಿದ್ದುಕೊಂಡೇ ಇದ್ದವು, ಆಟಗಾರರು ಎತ್ತಿ ಎತ್ತಿ ಬದಿಗೆ ಸೇರಿಸುತ್ತಿದ್ದರು. ಆ ಪಂದ್ಯ 0-0.

ಟ್ರಾಬ್ಜೋನ್ ಕೊನೆಗೂ 2022ರಲ್ಲಿ, 38 ವರ್ಷದ ನಂತರ, ಲೀಗ್ ಗೆದ್ದಿತ್ತು. ಆಗ ತರಬೇತುದಾರ ಬೇರೊಬ್ಬರು. 2024ರ ಸೆಪ್ಟೆಂಬರ್‌ನಲ್ಲಿ, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಗುನೇಶ್ ಮತ್ತೆ ಊರಿನ ತಂಡಕ್ಕೆ ಬಂದರು. ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟಿದ, ತಂಡ ಆಡುವ ಕ್ರೀಡಾ ಸಂಕೀರ್ಣಕ್ಕೆ ಎಷ್ಟೋ ಮೊದಲೇ ಅವರದೇ ಹೆಸರಿಟ್ಟಾಗಿತ್ತು. ಸ್ವಂತ ಹೆಸರಿನ ಜಾಗಕ್ಕೆ ಕೆಲಸಕ್ಕೆ ಹೋಗುವುದು ಹೇಗಿರುತ್ತದೋ! ಆರೇ ತಿಂಗಳು, 2025ರ ಮಾರ್ಚ್‌ನಲ್ಲಿ ಅದೂ ಮುಗಿಯಿತು. ನಾನು ಸುದ್ದಿ ಓದಿದ್ದು ಬಸ್ಸಿನಲ್ಲಿ. ಇಳಿಯುವ ನಿಲ್ದಾಣ ಬರುವವರೆಗೂ ಆ ಹನ್ನೊಂದು ಸೆಕೆಂಡಿನ ಗೋಲನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿ ನೋಡಿದೆ.