ಛತ್ರಿ ಅಜ್ಜ ಎಲ್ಲಿ?

"ಅಮ್ಮಾ, ನೀನು ತಪ್ಪು ಓದ್ತಿದ್ದೀಯ."

ಹೇಳಿದವಳಿಗೆ ನಾಲ್ಕು ವರ್ಷ. ಅಕ್ಷರ ಅಂತ ಅವಳಿಗೆ ಗೊತ್ತಿರುವುದು ತನ್ನ ಹೆಸರಿನ ಮೊದಲನೆಯದು ಒಂದೇ. ಅದನ್ನೂ ಒಮ್ಮೊಮ್ಮೆ ತಲೆಕೆಳಗಾಗಿ ಬರೆಯುತ್ತಾಳೆ. ನಾನೋ ಕನ್ನಡ ಎಂ.ಎ. ರಾತ್ರಿ ಒಂಬತ್ತೂವರೆಗೆ, 16 ಪುಟದ ಒಂದು ಚಿತ್ರಪುಸ್ತಕದ ಎರಡನೇ ಪುಟದಲ್ಲಿ ನಾನು ಫೇಲಾದೆ.

ಪುಸ್ತಕದ ಕತೆ ಸಣ್ಣದು. ಒಬ್ಬ ಹುಡುಗಿಯ ಆಡು ಕಳೆದುಹೋಗುತ್ತದೆ. ಅವಳು ಕೆರೆದಂಡೆಯಲ್ಲಿ ಹುಡುಕುತ್ತಾಳೆ, ಸಂತೆಯಲ್ಲಿ ಹುಡುಕುತ್ತಾಳೆ, ಬಸ್‌ಸ್ಟ್ಯಾಂಡಿಗೆ ಬರುತ್ತಾಳೆ. ನೋಡಿದರೆ ಆಡು ಬಸ್ಸಿನ ಟಾಪಿನ ಮೇಲೆ ನಿಂತಿದೆ, ಯಾರದೋ ಸೊಪ್ಪಿನ ಗಂಟನ್ನು ತಿನ್ನುತ್ತಾ. ಪುಟಕ್ಕೆ ಎರಡೇ ಸಾಲು. ಇಪ್ಪತ್ತು ಸಲವಾದರೂ ಓದಿ ಹೇಳಿದ್ದೇನೆ. ಇದುವರೆಗೆ ಯಾರೂ ತಪ್ಪು ಅಂದಿರಲಿಲ್ಲ.

"ಛತ್ರಿ ಅಜ್ಜ ಎಲ್ಲಿ? ಛತ್ರಿ ಅಜ್ಜಂದು ಹೇಳು."

"ಇದರಲ್ಲಿ ಅಜ್ಜ ಇಲ್ಲ ಕಣೇ."

ಅವಳು ನನ್ನನ್ನು ಪಾಪದವರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಪುಟದ ಮೂಲೆಯಲ್ಲಿ ಬೆರಳಿಟ್ಟಳು. ಅಲ್ಲಿ ಆಲದ ಮರದ ಹಿಂದೆ ಅರ್ಧ ಕಾಣುವ ಒಬ್ಬ ಮುದುಕ. ಬಿಳಿ ಧೋತರ, ಕಂಕುಳಲ್ಲಿ ಮಡಚಿದ ಛತ್ರಿ. ಹಾಳೆ ತಿರುಗಿಸಿದೆ. ಸಂತೆಯಲ್ಲೂ ಇದ್ದ, ಮೆಣಸಿನಕಾಯಿ ರಾಶಿಯ ಆಚೆ. ಹೆಚ್ಚುಕಡಿಮೆ ಎಲ್ಲ ಪುಟದಲ್ಲೂ ಇದ್ದ. ಇಪ್ಪತ್ತು ಸಲ ಓದಿದ ನಾನು ಒಮ್ಮೆಯೂ ಅವನನ್ನು ನೋಡಿರಲಿಲ್ಲ.

ಪಕ್ಕದಲ್ಲಿ ಮಲಗಿದ್ದ ಗಂಡ ನಗತೊಡಗಿದರು. ಅವರು ಮೈಸೂರಿನ ಕಡೆಯವರು. ನಮ್ಮ ಗದಗಿನ ಕಡೆ ಛತ್ರಿ ಅಂದರೆ ಮಳೆಗೆ ಹಿಡಿಯುವ ಕೊಡೆ, ಅಷ್ಟೇ. ಅವರ ಕಡೆ ಯಾರನ್ನಾದರೂ ಛತ್ರಿ ಅಂದರೆ ಆಸಾಮಿ ಭಾರಿ ಕಿಲಾಡಿ ಅಂತ. ಈ ಅಜ್ಜನ ಮಟ್ಟಿಗೆ ಎರಡು ಅರ್ಥವೂ ಸರಿ ಅನ್ನುವುದು ಆಮೇಲೆ ಗೊತ್ತಾಯಿತು.

ಅವ್ವ ಗದಗಿನಿಂದ ಬಂದು ಹತ್ತು ದಿನವಾಗಿತ್ತು. ನಾನು ಆಫೀಸಿನಿಂದ ಬರುವುದು ತಡವಾದಾಗ ಮಗಳನ್ನು ಮಲಗಿಸುತ್ತಿದ್ದವಳು ಅವಳೇ. ಎದ್ದು ಅಡುಗೆಮನೆಗೆ ಹೋದೆ. ಬೆಳಗಿನ ರೊಟ್ಟಿಗೆ ಜೋಳದ ಹಿಟ್ಟು ಸಾಣಿಸುತ್ತಿದ್ದಳು.

"ಅವ್ವಾ, ಆ ಛತ್ರಿ ಅಜ್ಜನ ಕತಿ ಏನು?"

"ಯಾವ ಅಜ್ಜ? ಓ, ಆಡಿನ ಪುಸ್ತಕದಾಗಿನಂವ? ಅದನ್ನ ಕದ್ದಂವ ಅವನ ಅಲಾ. ಯಾಕ, ಅದರಾಗ ಬರದಿಲ್ಲೇನು?"

ಬರೆದಿಲ್ಲ. ಪುಸ್ತಕದ ಕೊನೆಯ ಸಾಲು ಹೀಗಿದೆ: ಆಡು ಬಸ್ಸನ್ನು ಹೇಗೆ ಹತ್ತಿತೋ ಯಾರಿಗೂ ಗೊತ್ತಿಲ್ಲ. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ಕೊನೆಯ ಪುಟ ತೆಗೆದು ತೋರಿಸಿದಳು. "ಇಲ್ಲಿ ನೋಡು. ಬಸ್ಸಿನ ಮ್ಯಾಲೆ ಆ ಸೊಪ್ಪಿನ ಬಾಜೂಕ ಛತ್ರಿ ಬಿದ್ದೈತಿ. ಅಜ್ಜ ಇಲ್ಲ. ಹತ್ತಿಸಿದಂವ ಯಾರು ಮತ್ತ?"

ಹೌದು. ಛತ್ರಿ ಇತ್ತು. ಚಿತ್ರ ಬರೆದವರು ಬೇಕಂತಲೇ ಅದನ್ನು ಅಲ್ಲಿ ಇಟ್ಟಿದ್ದಾರೆ. ಕತೆ ಬರೆದವರು ಗೊತ್ತಿಲ್ಲ ಅಂದದ್ದಕ್ಕೆ ಬಿಡಿಸಿದವರು ಉತ್ತರ ಕೊಟ್ಟಿದ್ದಾರೆ. ಒಂದೇ ಪುಸ್ತಕದಲ್ಲಿ ಎರಡು ಕತೆ. ನಾನು ಇಷ್ಟು ದಿನ ಮಗಳಿಗೆ ಅರ್ಧವನ್ನೇ ಹೇಳುತ್ತಿದ್ದೆ.

ಅವ್ವ ನಾಲ್ಕನೇ ಕ್ಲಾಸಿನ ತನಕ ಶಾಲೆಗೆ ಹೋದವಳು. ಬೆಳಿಗ್ಗೆ ಪೇಪರಿನ ಹೆಡ್ಡಿಂಗುಗಳನ್ನು ಜೋರಾಗಿ ಓದುತ್ತಾಳೆ. ಈ ಪುಸ್ತಕವನ್ನು ಯಾಕೆ ಓದಲಿಲ್ಲ ಅಂದರೆ, ಓದಲು ಬರುವ ಹಾಗೆ ಅದನ್ನು ಅಚ್ಚು ಮಾಡಿರಲಿಲ್ಲ. ಕಡುನೀಲಿ ಆಕಾಶದ ಮೇಲೆ ಸಣ್ಣ ಬಿಳಿ ಅಕ್ಷರ. ಸಾಲಿನ ನಡುವೆ ಜಾಗ ಕಡಿಮೆ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಜಾಗ ಸಾಕಾಗಬಹುದು. ಕನ್ನಡಕ್ಕೆ ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. ಚಿತ್ರಪುಸ್ತಕದ ಪುಟ ಜೋಡಿಸುವವರು ಇದನ್ನು ಯಾಕೆ ಮರೆಯುತ್ತಾರೋ! "ಒತ್ತಕ್ಷರೆಲ್ಲಾ ಮುಗಿಲಾಗ ಮುಳಗ್ಯಾವು" ಅಂದಳು ಅವ್ವ. ಹಾಗಾಗಿ ಅಕ್ಷರ ಬಿಟ್ಟು ಚಿತ್ರ ಓದಿದಳು.

ಹಾಸಿಗೆಗೆ ಬಂದು ಮಲಗಿದ ಮೇಲೆ ನನಗೆ ಕರಡಿ ನೆನಪಾಯಿತು.

ನಾನು ಸಣ್ಣವಳಿದ್ದಾಗ ದೊಡ್ಡಪ್ಪನ ಮನೆಯಲ್ಲಿ ರಷ್ಯಾದ ಮಕ್ಕಳ ಪುಸ್ತಕಗಳು ಇದ್ದವು. ಕನ್ನಡಕ್ಕೆ ಮಾಡಿದ್ದವು. ಆ ಕಾಲದಲ್ಲಿ ನವಕರ್ನಾಟಕದ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ನುಣುಪು ಕಾಗದ, ಹಿಮ, ಮರದ ಮನೆ, ಕೆಂಪು ಕೆನ್ನೆಯ ಮಕ್ಕಳು. 1991ರಲ್ಲಿ ಸೋವಿಯತ್ ಒಕ್ಕೂಟವೇ ಹೋಯಿತು, ಪುಸ್ತಕ ಬರುವುದೂ ನಿಂತಿತು. ಅದರಲ್ಲೊಂದು ಕರಡಿಯ ಕತೆ ನನಗೆ ಇವತ್ತಿಗೂ ಬಾಯಿಪಾಠ. ಹಸಿದ ಕರಡಿ ಕಾಡಿನಿಂದ ಬಂದು ಅಜ್ಜಿಯ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನುತ್ತದೆ. ಮೂವತ್ತು ವರ್ಷ ಆ ಕತೆಯನ್ನು ಹಾಗೇ ನಂಬಿಕೊಂಡಿದ್ದೆ. ಹಿಮ ಬೀಳುವ ಊರಿನಲ್ಲಿ ಪುಂಡಿಪಲ್ಯ ಎಲ್ಲಿಂದ ಬಂತು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಮುಂದಿನ ಭಾನುವಾರ ಮೂವರೂ ಗಾಂಧಿ ಬಜಾರಿಗೆ ಹೊರಟೆವು. ನವೆಂಬರ್ ತಿಂಗಳು. ರಾಜ್ಯೋತ್ಸವದ ನೆಪದಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಸಿಗುವ ಕಾಲ. ಗಂಡ ಮನೆಯಲ್ಲೇ ಉಳಿದರು, ಕ್ರಿಕೆಟ್ ಇತ್ತು.

ಅಲ್ಲಿನ ಒಂದು ಪುಸ್ತಕದಂಗಡಿಯ ಮಕ್ಕಳ ವಿಭಾಗದಲ್ಲಿ ಕಣ್ಣಿನ ಎತ್ತರಕ್ಕೆ ಇರುವುದೆಲ್ಲ ಇಂಗ್ಲಿಷ್. ದಪ್ಪ ರಟ್ಟಿನ ಎಬಿಸಿಡಿ, ಒತ್ತಿದರೆ ಕೂಗುವ ಹಸು, ಮಿನುಗುವ ರಾಜಕುಮಾರಿಯರು. ಕನ್ನಡದ ತೆಳ್ಳನೆಯ, ಪಿನ್ ಹೊಡೆದ ಪುಸ್ತಕಗಳು ಕೆಳಗಿನ ಹಲಗೆಯಲ್ಲಿ. ಮೊದಲು ಸಿಟ್ಟು ಬಂತು. ಆಮೇಲೆ ನೋಡಿದರೆ ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆರಾಮಾಗಿ ಒಂದೊಂದೇ ಎಳೆಯುತ್ತಿದ್ದಳು. ಅವಳ ಕೈಗೆ ಸಿಗುವ ಎತ್ತರ ಅದೇ ಅಲ್ವಾ!

ನಾನು ಪುಸ್ತಕ ಆರಿಸುವ ರೀತಿ ಒಂದಿದೆ. ನಡುವಿನ ಒಂದು ಪುಟ ತೆಗೆದು ಮೆಲುದನಿಯಲ್ಲಿ ಬಾಯಿಬಿಟ್ಟು ಓದುತ್ತೇನೆ. ನಾಲಗೆ ಎಡವಿದರೆ ವಾಪಸ್ ಇಡುತ್ತೇನೆ. ಚಿತ್ರಪುಸ್ತಕಗಳು ಒಂದು ಭಾಷೆಯಲ್ಲಿ ಹುಟ್ಟಿ ಹತ್ತು ಭಾಷೆಗೆ ಹೋಗುತ್ತವೆ. ಬಣ್ಣದ ಅಚ್ಚು ದುಬಾರಿ, ಚಿತ್ರ ಒಂದೇ ಇಟ್ಟುಕೊಂಡು ಅಕ್ಷರ ಮಾತ್ರ ಬದಲಿಸಿದರೆ ಖರ್ಚು ಹಂಚಿಹೋಗುತ್ತದೆ. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್ ಮಾಡಿದ್ದೂ ಅದನ್ನೇ, ಚೆನ್ನೈನ ತೂಲಿಕಾ, ಬೆಂಗಳೂರಿನ ಪ್ರಥಮ್ ಬುಕ್ಸ್ ಮಾಡುವುದೂ ಅದನ್ನೇ. ಒಳ್ಳೆಯ ಕೆಲಸವೇ. ಅದಿಲ್ಲದಿದ್ದರೆ ಕೆಳಗಿನ ಹಲಗೆ ಅರ್ಧ ಖಾಲಿ ಇರುತ್ತಿತ್ತು. ಆದರೆ ಎಲ್ಲ ಕಡೆ ಅನುವಾದಕ್ಕೆ ಒಳ್ಳೆಯ ಕೈ ಸಿಗುವುದಿಲ್ಲ. ಅವತ್ತು ತೆಗೆದ ಒಂದು ಪುಸ್ತಕದಲ್ಲಿ ಅಳಿಲು ತನ್ನ ತಾಯಿಗೆ "ನಾನು ಅತ್ಯಂತ ಸಂತೋಷಗೊಂಡಿದ್ದೇನೆ" ಅನ್ನುತ್ತಿತ್ತು. ಯಾವ ಅಳಿಲು ಹಾಗೆ ಮಾತಾಡುತ್ತದೆ? ವಾಪಸ್ ಇಟ್ಟೆ. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ನೀತಿ' ಅಂತ ಇದ್ದವನ್ನಂತೂ ತೆರೆಯಲೂ ಇಲ್ಲ.

ಅವ್ವ ಸ್ಟೂಲಿನ ಮೇಲೆ ಕೂತು ತನ್ನದೇ ರೀತಿಯಲ್ಲಿ ಪರೀಕ್ಷೆ ನಡೆಸಿದ್ದಳು. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ. ಪುಸ್ತಕವನ್ನು ಹಿಂದಿನಿಂದ ಬಿಡಿಸುತ್ತಿದ್ದಳು, ಅಕ್ಷರದ ಕಡೆ ನೋಡುತ್ತಲೇ ಇರಲಿಲ್ಲ. ನಾನು ಬಹಳ ಮೆಚ್ಚಿ ಕೊಟ್ಟ ಒಂದನ್ನು ಎರಡು ನಿಮಿಷ ನೋಡಿ ಬದಿಗಿಟ್ಟಳು.

"ಯಾಕವ್ವಾ, ಚಲೋ ಐತಲಾ?"

"ನಡುವ ಒಂದು ಆನಿ ನಿಲ್ಲಿಸ್ಯಾರ. ಸುತ್ತ ಎಲ್ಲಾ ಬೆಳ್ಳಗ ಬಿಟ್ಟಾರ. ಮೂಲ್ಯಾಗ ಏನೂ ಇಲ್ಲ. ಆನಿ ಬಂತು, ಆನಿ ಹೋತು. ಮುಂದ ಏನ ಹೇಳೂದು ಕೂಸಿಗೆ?"

ಅವಳು ಆರಿಸಿದ್ದು ಒಂದು ಮಳೆಗಾಲದ ಪುಸ್ತಕ. ಅದರ ಕನ್ನಡ ಸಾಧಾರಣ. ಆದರೆ ಒಂದೊಂದು ಪುಟದಲ್ಲೂ ಕಿಟಕಿಗಳು, ಕಿಟಕಿಯೊಳಗೆ ಜನ, ಸೂರಿನ ಕೆಳಗೆ ನಾಯಿ, ಹಗ್ಗದ ಮೇಲೆ ಒಣಗದ ಬಟ್ಟೆ. ಒಬ್ಬಳು ಬಾಣಲೆ ಹಿಡಿದಿದ್ದಾಳೆ. "ಈಕಿ ಮಿರ್ಚಿ ಕರಿಯಾಕತ್ತಾಳ, ವಾಸನಿ ಈ ಮನಿಯಂವಗ ಬಂದೈತಿ, ನೋಡು ಹೆಂಗ ಹಣಿಕಿ ಹಾಕಾಕತ್ತಾನ." ಅಂಗಡಿಯ ಹುಡುಗನೂ ಬಗ್ಗಿ ನೋಡಿದ.

ಮಗಳು ಮಾತ್ರ ಒಂದೇ ಪುಸ್ತಕ ತಬ್ಬಿಕೊಂಡು ಬಂದಳು. ಅದೇ ಆಡಿನ ಪುಸ್ತಕ.

"ಇದು ಮನೇಲಿ ಇದೆಯಲ್ಲ ಪುಟ್ಟಿ."

"ಅದು ಬೇರೆ. ಇದರಲ್ಲೂ ಅಜ್ಜ ಇದ್ದಾನಾ ನೋಡ್ಬೇಕು."

ಅಲ್ಲೇ ಕೂತು ಒಂದೊಂದು ಪುಟ ತಿರುಗಿಸಿ ನೋಡಿದೆವು. ಇದ್ದ. ಆಲದ ಮರದ ಹಿಂದೆ, ಮೆಣಸಿನಕಾಯಿಯ ಆಚೆ. ಅವಳಿಗೆ ಅದು ದೊಡ್ಡ ಸುದ್ದಿ. ಒಂದೇ ಅಜ್ಜ ಮನೆಯಲ್ಲೂ ಇದ್ದಾನೆ, ಅಂಗಡಿಯಲ್ಲೂ ಇದ್ದಾನೆ! ಅಚ್ಚು ಅಂದರೆ ಏನು ಅಂತ ಅಂಗಡಿಯ ನೆಲದ ಮೇಲೆ ಕೂತು ವಿವರಿಸಲು ನೋಡಿದೆ. ಅವಳು ಕೇಳಲಿಲ್ಲ. ಎರಡನೇ ಪ್ರತಿ ಕೊಳ್ಳುವುದಿಲ್ಲ ಅಂದಿದ್ದಕ್ಕೆ ಅತ್ತಳು. ಜೆಸಿಬಿ ಚಿತ್ರವಿರುವ ಪುಸ್ತಕ ಕೊಡಿಸಿದ ಮೇಲೆ ಸುಮ್ಮನಾದಳು. ನನ್ನ ಪಟ್ಟಿಯಲ್ಲಿ ಜೆಸಿಬಿ ಇರಲಿಲ್ಲ.

ಐದು ಪುಸ್ತಕಕ್ಕೆ 290 ರೂಪಾಯಿ ಆಯಿತು. ಆಮೇಲೆ ಮೂವರು ತಿಂದ ದೋಸೆ, ಕಾಫಿಗೂ ಅದಕ್ಕೂ ಬಹಳ ವ್ಯತ್ಯಾಸ ಇರಲಿಲ್ಲ.

ಮನೆಯಲ್ಲಿ ಆ ಐದರ ಗತಿ ಏನಾಯಿತು ಅಂತ ಹೇಳಿಬಿಡುತ್ತೇನೆ. ನಾನು ಭಾಷೆ ನೋಡಿ ಆರಿಸಿದ ಎರಡನ್ನು ಒಂದೊಂದು ಸಲ ಓದಿದೆವು, ಮತ್ತೆ ಯಾರೂ ಕೇಳಲಿಲ್ಲ. ಗಂಡನಿಗೆ ಅಂತ ತಂದ, ಕನ್ನಡ ಇಂಗ್ಲಿಷ್ ಎರಡೂ ಇರುವ ಪುಸ್ತಕ ಪರವಾಗಿಲ್ಲ. ಜೆಸಿಬಿ ಎರಡೇ ವಾರದಲ್ಲಿ ಪಿನ್ ಬಿಚ್ಚಿಕೊಂಡು ಬಿಡಿ ಹಾಳೆಯಾಯಿತು. ಮಳೆಯ ಪುಸ್ತಕ ಇನ್ನೂ ದಿಂಬಿನ ಕೆಳಗಿದೆ.

ಅವ್ವನಿಗೆ ಅಕ್ಷರ ಕಾಣುವುದಿಲ್ಲ ಅನ್ನುವುದು ನನ್ನ ತಲೆಯಲ್ಲಿ ಕೂತಿತ್ತು. ಒಂದು ಸಂಜೆ ಲ್ಯಾಪ್‌ಟಾಪಿನಲ್ಲಿ ಸ್ಟೋರಿವೀವರ್ ತೆಗೆದುಕೊಟ್ಟೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ತಾಣ ಅದು. ದುಡ್ಡು ಕೊಡದೆ ಓದಬಹುದು, ಇಳಿಸಿಕೊಂಡು ಪ್ರಿಂಟೂ ಹಾಕಿಸಬಹುದು. ಕನ್ನಡದ ಕತೆಗಳು ಬೇಕಾದಷ್ಟಿವೆ. ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಮೊದಲನೇ ಹಂತದಲ್ಲಿ ಇಡೀ ಕತೆಗೆ 250 ಪದವೂ ಇರುವುದಿಲ್ಲ. ಅಂಥದ್ದೊಂದನ್ನು ತೆರೆದು ಅಕ್ಷರ ದೊಡ್ಡದು ಮಾಡಿಟ್ಟೆ. ಅವ್ವನಿಗೆ ಖುಷಿಯಾಯಿತು. ಕನ್ನಡಕ ಹಾಕಿಕೊಂಡು, ಶಾಲೆಯಲ್ಲಿ ಮಾಸ್ತರರ ಮುಂದೆ ನಿಂತ ಹುಡುಗಿಯ ಹಾಗೆ ನೆಟ್ಟಗೆ ಕೂತು, ಒಂದೊಂದೇ ಪದ ಬಿಡಿಸಿ ಓದಿದಳು. ಒಂದೂ ತಪ್ಪಿಲ್ಲ. ಒತ್ತಕ್ಷರವೂ ಸರಿ.

ಮೂರನೇ ಪುಟಕ್ಕೆ ಮಗಳು ಅವಳ ಕೈ ಹಿಡಿದಳು.

"ಅಜ್ಜೀ, ಓದಬೇಡ. ಹೇಳು."

ಆ ರಾತ್ರಿ ನನಗೆ ಒಂದು ದುರಾಸೆ ಬಂತು. ಅವ್ವ ಹೇಳಿದ ಆಡಿನ ಕತೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಅವಳು ಊರಿಗೆ ಹೋದ ಮೇಲೆ ಯಾರಿಗೆ ನೆನಪಿರುತ್ತದೆ? ಪೆನ್ನು ಹಿಡಿದು ಅವಳ ಎದುರು ಕೂತೆ. ಅಜ್ಜನ ಹೆಸರೇನು, ಆಡು ಮೊದಲು ಅವನದೇ ಹೌದೋ ಅಲ್ಲೋ, ಎಲ್ಲ ಕೇಳತೊಡಗಿದೆ. ಅವ್ವ ಸ್ವಲ್ಪ ಹೊತ್ತು ಉತ್ತರ ಕೊಟ್ಟಳು. ಆಮೇಲೆ ನೋಟ್‌ಬುಕ್ ಮುಚ್ಚಿಸಿದಳು.

"ಬರಿಬ್ಯಾಡ ಬಿಡು. ಬರದಿಟ್ರ ನಾಳಿಂದ ನಾನೂ ತಪ್ಪು ಹೇಳಾಕತ್ತೇನಿ ಅಂತಾಳ ಆಕಿ."

ಸಂಕ್ರಾಂತಿ ಮುಗಿಸಿ ಅವ್ವ ಗದಗಿಗೆ ಹೋದಳು. ಈಗ ರಾತ್ರಿ ವಿಡಿಯೊ ಕಾಲ್. ನಾನು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮಳೆಯ ಪುಸ್ತಕ ಹಿಡಿದು ಕೂರುತ್ತೇನೆ. ಮಗಳು ನನ್ನ ತೊಡೆಯ ಮೇಲೆ. ಅಲ್ಲಿ ಕರೆಂಟು ಹೋಗುತ್ತದೆ, ಇಲ್ಲಿ ನೆಟ್‌ವರ್ಕ್ ಹೋಗುತ್ತದೆ. ಮಿರ್ಚಿ ಕರಿಯುವವಳು ಬಾಣಲೆ ಹಿಡಿದುಕೊಂಡೇ ಪರದೆಯ ಮೇಲೆ ಚೂರುಚೂರಾಗುತ್ತಾಳೆ. ಮತ್ತೆ ಕೂಡಿಕೊಂಡಾಗ ಅವ್ವನ ದನಿ ಬರುತ್ತದೆ.

"ಸ್ವಲ್ಪ ಕೆಳಗ ಹಿಡಿ. ಮೂಲಿ ಕಾಣವಲ್ದು."