ಫೈಬರ್ ಸಾಮಾನಿನೊಳಗೆ ನೀರು ಇಳಿಯುವ ಬಗೆ

ಹುಬ್ಬಳ್ಳಿ ಅಂಗಡಿಗಳಲ್ಲಿ ಫೈಬರ್ ಟ್ಯಾಂಕು, ಬಾಗಿಲು, ಶೀಟು ಕೇಳಿದರೆ ಸಿಗುವ ಮೊದಲ ಭರವಸೆ "ತುಕ್ಕು ಹಿಡಿಯಂಗಿಲ್ರೀ". ಅದು ನಿಜ. ಆದರೆ ನೀರಿನಿಂದ ಏನೂ ಆಗುವುದಿಲ್ಲ ಎಂದು ತಿಳಿದರೆ ಕೆಟ್ಟೆವು.

ಫೈಬರ್ ಸಾಮಾನೆಂದರೆ ಗಾಜಿನ ಎಳೆಗಳನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕೂಡಿಸಿದ್ದು. ಗಾಜಿನ ಎಳೆ ನೀರು ಹೀರುವುದಿಲ್ಲ, ಹೀರುವುದು ರೆಸಿನ್. ಎಪಾಕ್ಸಿ ಎಂಬ ರೆಸಿನ್ ತನ್ನ ತೂಕದ ಶೇ. 1ರಿಂದ 5ರಷ್ಟು ನೀರು ಕುಡಿಯಬಲ್ಲದು. ಪ್ರತಿ ಶೇ. 1 ನೀರಿಗೆ ಅದು ಮೆತ್ತಗಾಗುವ ಉಷ್ಣತೆ ಸುಮಾರು 20 ಡಿಗ್ರಿ ಇಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಒಣಗಿದ್ದಾಗ 80 ಡಿಗ್ರಿ ತಡೆಯುತ್ತಿದ್ದದ್ದು 60ಕ್ಕೇ ಸಡಿಲವಾದರೆ, ಗದಗಿನ ಏಪ್ರಿಲ್ ಬಿಸಿಲಿಗೆ ಕಾದ ಕಪ್ಪು ಶೀಟಿನ ಗತಿ ಊಹಿಸಿಕೊಳ್ಳಿ.

ಈ ನಷ್ಟ ಒಣಗಿಸಿದರೆ ಬಹುಪಾಲು ಮರಳುತ್ತದೆ. ಮರಳದಿರುವುದು ಎಳೆ ಮತ್ತು ರೆಸಿನ್ ನಡುವಿನ ಹಿಡಿತ. ರೆಸಿನ್ ಹಿಡಿಯಲೆಂದು ಎಳೆಗೆ ಹಚ್ಚಿದ ಸಿಲೇನ್ ಲೇಪದ ಬೆಸುಗೆಯನ್ನು ನೀರು ಬಿಡಿಸುತ್ತದೆ, ಗಾಜಿನ ಮೈಯಿಂದ ಕ್ಷಾರ ತೊಳೆದು ಒಯ್ಯುತ್ತದೆ. ಭಾರವೂ ಇದ್ದರೆ ಅಲ್ಲಿಂದಲೇ ಸೀಳು ಹೊರಡುತ್ತದೆ. ಎಳೆಗುಂಟ ಜಗ್ಗಿ ನೋಡುವ ಪರೀಕ್ಷೆಯಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲ. ಮೊದಲು ಸೋಲುವುದು ಪದರ ಪದರಗಳ ನಡುವಿನ ಬಲ, ಆದ್ದರಿಂದ ಸಣ್ಣ ತುಂಡನ್ನು ಬಾಗಿಸಿ ಪದರ ಜಾರಿಸುವ ಪರೀಕ್ಷೆಯನ್ನೇ ಕೇಳಿ.

ನೀರು ಅತಿ ಬೇಗ ನುಗ್ಗುವುದು ಕತ್ತರಿಸಿದ ಅಂಚು, ಡ್ರಿಲ್ ಹಾಕಿದ ತೂತುಗಳಿಂದ. ಅಲ್ಲಿ ಎಳೆಗಳ ತುದಿ ಬಾಯಿ ತೆರೆದಿರುತ್ತದೆ. ಬೋಲ್ಟ್ ಹಾಕುವ ಮುಂಚೆ ತೂತಿನೊಳಗೆ ಎರಡು ಕೈ ರೆಸಿನ್ ಹಚ್ಚಿ ಒಣಗಲು ಬಿಡಿ. ಇಷ್ಟು ಮಾಡದ ಕೆಲಸಗಾರನಿಗೆ ಪೂರ್ತಿ ಕೂಲಿ ಕೊಡಬಾರದು ಎನಿಸುತ್ತದೆ. ಒಳಮೈಯಲ್ಲಿ ಸದಾ ನೀರು ನಿಲ್ಲುವುದಾದರೆ ಮ್ಯಾಟ್ (ಗಾಜಿನ ಎಳೆಗಳ ಹಾಸು) ಆರಿಸುವಾಗ ಎಮಲ್ಷನ್ ಅಂಟಿನಿಂದ ಎಳೆ ಹಿಡಿಸಿದ್ದನ್ನು ಬಿಟ್ಟು ಪುಡಿ ಅಂಟಿನ ಪೌಡರ್ ಮ್ಯಾಟ್ ಬಳಸಿ; ರೆಸಿನ್ ನೀರು ತಡೆಯುವ ಐಸೋಫ್ಥಾಲಿಕ್ ಇಲ್ಲವೇ ವಿನೈಲ್ ಎಸ್ಟರ್ ಬಗೆಯದಿರಲಿ. ಧಾರವಾಡದ ಜುಲೈ ಜಿಟಿಜಿಟಿ ಮಳೆಯಲ್ಲಿ ಮ್ಯಾಟಿನ ರೋಲನ್ನು ಬಿಚ್ಚಿಡಬೇಡಿ.

ಪರೀಕ್ಷಿಸಲು 100 x 25 x 3 ಮಿ.ಮೀ. ತುಂಡುಗಳು ಸಾಕು. 50 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಅದೇ ಬಿಸಿಯ ನೀರಿನಲ್ಲಿ ಮುಳುಗಿಸಿ, ಆಗಾಗ ಒರೆಸಿ ತೂಗಿ. ತುಂಡು ಸುಮಾರು 11 ಗ್ರಾಂ ಇರುವುದರಿಂದ ಶೇ. 1 ಎಂದರೆ 0.11 ಗ್ರಾಂ, ಸರಾಫರ ಮಿಲಿಗ್ರಾಂ ತಕ್ಕಡಿ ಬೇಕೇ ಬೇಕು. ತೂಕ ಏರಿ ನಿಂತರೆ ಸರಿ. ನಿಂತು ಮತ್ತೆ ಏರಿದರೆ ಒಳಗೆ ಬಿರುಕು ಬಿಟ್ಟಿದೆ, ಇಳಿದರೆ ರೆಸಿನ್ ಕರಗಿ ಹೋಗುತ್ತಿದೆ. ದಪ್ಪ ದುಪ್ಪಟ್ಟಾದರೆ ನೆನೆಯಲು ನಾಲ್ಕು ಪಟ್ಟು ಕಾಲ ಬೇಕು, ಹಾಗಾಗಿ ತೆಳು ತುಂಡಿನ ದಿನಗಳನ್ನು ದಪ್ಪ ಟ್ಯಾಂಕಿಗೆ ನೇರ ಹೊಂದಿಸಬೇಡಿ.

ಜೆಲ್‌ಕೋಟ್ (ಸಾಮಾನಿನ ಹೊರಮೈಯ ನುಣುಪು ರೆಸಿನ್ ಪದರ) ಮೇಲೆ ಗುಳ್ಳೆ ಎದ್ದು, ಒಡೆದಾಗ ಹುಳಿ ವಾಸನೆಯ ಅಂಟು ದ್ರವ ಬಂದರೆ ಪುಟ್ಟಿ ಮೆತ್ತುವುದು ವ್ಯರ್ಥ. ಗುಳ್ಳೆಯನ್ನು ಪೂರ್ತಿ ಉಜ್ಜಿ ತೆಗೆದು, ಸಿಹಿನೀರಿನಲ್ಲಿ ಹಲವು ಸಲ ತೊಳೆದು, ಚೆನ್ನಾಗಿ ಒಣಗಿದ ಮೇಲೆಯೇ ರೆಸಿನ್ ಹಾಕಿ. ಒಳಗೆ ಉಳಿದ ಆ ದ್ರವವೇ ಮತ್ತೆ ನೀರು ಎಳೆದುಕೊಂಡು ಹೊಸ ಗುಳ್ಳೆ ಎಬ್ಬಿಸುತ್ತದೆ.