ಡಿಸ್ಕ್ ಇಲ್ಲದ ಪಿಸಿ, ನ್ಯಾಸ್‌ನಿಂದ ಡೆಬಿಯನ್ ಬೂಟ್: ಇಲ್ಲಿವರೆಗಿನ ಅಪ್ಡೇಟ್

ಎಸ್‌ಎಸ್‌ಡಿ ಬಿಚ್ಚಿಟ್ಟ ಪಿಸಿ ಈಗ ಪೂರ್ತಿ ನ್ಯಾಸ್‌ನಿಂದಲೇ (ನೆಟ್‌ವರ್ಕ್‌ಗೆ ಹಾಕಿರೋ ಸ್ಟೋರೇಜ್ ಪೆಟ್ಟಿಗೆ) ಡೆಬಿಯನ್ ಲಿನಕ್ಸ್ ಬೂಟ್ ಆಗಿ ಡೆಸ್ಕ್‌ಟಾಪ್ ತನಕ ಬರ್ತಿದೆ, ಸಖತ್ ಖುಷಿ ಆಗಿದೆ. ರೂಟ್, ಅಂದ್ರೆ ಓಎಸ್ ಇರೋ ಮುಖ್ಯ ಫೈಲ್‌ಸಿಸ್ಟಮ್, ಇರೋದು ಐ-ಸ್ಕಸಿ ಲನ್ ಮೇಲೆ, ಅಂದ್ರೆ ನ್ಯಾಸ್ ನೆಟ್‌ವರ್ಕ್ ಮೂಲಕ ಕೊಡೋ ವರ್ಚುವಲ್ ಡಿಸ್ಕ್ ಮೇಲೆ. ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚೋ ವಿಧಾನ) ರೂಟ್ ಸೆಟಪ್ ಇನ್ನೂ ಸುಲಭ, ಆದ್ರೆ ನಂಗೆ ಓಎಸ್‌ಗೆ ಮಾಮೂಲಿ ಡಿಸ್ಕ್ ಥರಾನೇ ಕಾಣೋದು ಬೇಕಿತ್ತು, ಅದ್ಕೆ ಇದನ್ನೇ ಹಿಡ್ಕೊಂಡೆ.

ಈ ಕೆಲಸದಲ್ಲಿ ಫೈಲ್ ತರ್ಸೋದು ಕಷ್ಟ ಅಲ್ಲ, ಬೂಟ್‌ನ ಒಂದು ಹಂತದಿಂದ ಇನ್ನೊಂದಕ್ಕೆ ನೆಟ್‌ವರ್ಕ್ ಕೈಯಿಂದ ಕೈಗೆ ದಾಟೋದೇ ಕಷ್ಟ. ಮೊದಲು ಫರ್ಮ್‌ವೇರ್‌ನ ಪಿಎಕ್ಸ್‌ಇ (ನೆಟ್‌ವರ್ಕ್‌ನಿಂದ ಬೂಟ್ ಮಾಡೋ ಭಾಗ) ಡಿಎಚ್‌ಸಿಪಿ ಸರ್ವರ್‌ನ ಐಪಿ ವಿಳಾಸ, ಬೂಟ್ ಫೈಲ್ ಹೆಸರು ಕೇಳಿ, ಟಿಎಫ್‌ಟಿಪಿ ಅನ್ನೋ ಸರಳ ಫೈಲ್ ವರ್ಗಾವಣೆ ವಿಧಾನದಿಂದ ಐಪಿಎಕ್ಸ್‌ಇ ಅನ್ನೋ ಇನ್ನೂ ಸಮರ್ಥ ಬೂಟ್ ಪ್ರೋಗ್ರಾಮ್ ತರುತ್ತೆ. ಟಿಎಫ್‌ಟಿಪಿ ಡಿಫಾಲ್ಟ್ ಆಗಿ 512 ಬೈಟ್ ಕಳಿಸಿ ಉತ್ತರಕ್ಕೆ ಕಾಯುತ್ತೆ, ಹಾಗಾಗಿ ಅದರಲ್ಲಿ ಇಷ್ಟು ಚಿಕ್ಕ ಫೈಲ್ ಬಿಟ್ಟು ಬೇರೇನೂ ತರಿಸ್ತಿಲ್ಲ. ಐಪಿಎಕ್ಸ್‌ಇ ಎದ್ದ ಮೇಲೆ ತಾನೂ ಡಿಎಚ್‌ಸಿಪಿ ಕೇಳುತ್ತೆ, ಆಗ್ಲೂ ಅದೇ ಫೈಲ್ ಹೆಸರು ಕೊಟ್ರೆ ತನ್ನನ್ನೇ ಮತ್ತೆ ಮತ್ತೆ ಲೋಡ್ ಮಾಡ್ಕೊಂಡು ಸುತ್ತುತ್ತಾ ಇರುತ್ತೆ, ಅದ್ಕೇ ಅದು ತನ್ನ ಗುರುತಾಗಿ ಕಳಿಸೋ ಆಪ್ಷನ್ 175 ನೋಡಿ ಡಿಎನ್‌ಎಸ್‌ಮಾಸ್ಕ್‌ನಲ್ಲಿ (ನನ್ನ ಡಿಎಚ್‌ಸಿಪಿ ಸರ್ವರ್) ಟ್ಯಾಗ್ ಹಾಕಿ ಬೇರೆ ಸ್ಕ್ರಿಪ್ಟ್ ಕೊಡ್ಬೇಕು. ಆ ಸ್ಕ್ರಿಪ್ಟಲ್ಲಿ ಇರೋದು ನೆಟ್‌ವರ್ಕ್ ಡಿಸ್ಕ್‌ನಿಂದ ಬೂಟ್ ಮಾಡು ಅನ್ನೋ ಒಂದು ಸ್ಯಾನ್‌ಬೂಟ್ ಲೈನ್ ಅಷ್ಟೇ, ನ್ಯಾಸ್‌ನ ಪೋರ್ಟ್ 3260ಕ್ಕೆ ಹೋಗಿ ಲನ್ ಹಿಡಿಯುತ್ತೆ, ಕರ್ನಲ್ ಲೋಡ್ ಮಾಡೋ ಗ್ರಬ್ ಬರುತ್ತೆ.

ಇಲ್ಲಿವರೆಗೆ ಎಲ್ಲಾ ಸಲೀಸು. ಕರ್ನಲ್ ಶುರುವಾದ ಕ್ಷಣ ಐಪಿಎಕ್ಸ್‌ಇ ಹಿಡಿದಿದ್ದ ಕನೆಕ್ಷನ್ ಹೋಯ್ತು, ಡಿಸ್ಕ್ ಎಲ್ಲಿದೆ ಅಂತ ಕರ್ನಲ್‌ಗೆ ಗೊತ್ತಿಲ್ಲ. ಹೋಗೋ ಮುಂಚೆ ಐಪಿಎಕ್ಸ್‌ಇ ಟಾರ್ಗೆಟ್ ಹೆಸರು, ಐಪಿ ಎಲ್ಲಾ ಐಬಿಎಫ್‌ಟಿ ಅನ್ನೋ ಟೇಬಲ್‌ನಲ್ಲಿ ಮೆಮೊರಿಯಲ್ಲಿ ಬರೆದಿಟ್ಟಿರುತ್ತೆ, ಇನಿಟ್‌ರಾಮ್‌ಎಫ್‌ಎಸ್ (ರೂಟ್ ಸಿಗೋ ತನಕ ಮೆಮೊರಿಯಲ್ಲಿ ಓಡೋ ಪುಟ್ಟ ಸಿಸ್ಟಮ್) ಅದನ್ನ ಓದಿ ತಾನೇ ಲಾಗಿನ್ ಆಗೋ ಹಾಗೆ ಮಾಡಿದ್ಮೇಲೆ ರೂಟ್ ಮೌಂಟ್ ಆಯ್ತು. ನೆಟ್‌ವರ್ಕ್ ಕಾರ್ಡ್‌ನ ಡ್ರೈವರ್ ಕೂಡ ಇನಿಟ್‌ರಾಮ್‌ಎಫ್‌ಎಸ್ ಒಳಗೇ ಇರ್ಬೇಕು, ಡಿಸ್ಕ್ ಮೇಲಿದ್ರೆ ಪ್ರಯೋಜನ ಇಲ್ಲ. ಆಮೇಲೆ ಡೆಬಿಯನ್‌ನಲ್ಲಿ ನೆಟ್‌ವರ್ಕ್ ನೋಡ್ಕೊಳ್ಳೋ ನೆಟ್‌ವರ್ಕ್‌ಮ್ಯಾನೇಜರ್ ಎದ್ದು ಇಂಟರ್‌ಫೇಸ್ ಡೌನ್ ಮಾಡಿ ಅಪ್ ಮಾಡಿದ್ರೆ ಕಾಲ್ಕೆಳಗಿನ ನೆಲಾನೇ ಹೋದಂಗೆ, ಆ ಇಂಟರ್‌ಫೇಸನ್ನ ಮುಟ್ಟಬೇಡ ಅಂತ ಕಾನ್ಫಿಗ್‌ನಲ್ಲಿ ಹಾಕಿದೀನಿ.

ಕೇಬಲ್ ಕಿತ್ತು ಟೆಸ್ಟ್ ಮಾಡಿದೆ, ಇದು ನೋಡೋಕೆ ಮಜಾ. ಕ್ಯಾಶ್‌ನಲ್ಲಿರೋ ಕಮಾಂಡ್‌ಗಳು ಏನೂ ಆಗಿಲ್ಲ ಅನ್ನೋ ಹಾಗೆ ಓಡ್ತವೆ, ಹೊಸದೊಂದು ಟೈಪ್ ಮಾಡಿದ ತಕ್ಷಣ ಟರ್ಮಿನಲ್ ಅಲ್ಲೇ ನಿಂತ್ಬಿಡುತ್ತೆ, ಕೇಬಲ್ ಹಾಕಿ ಸ್ವಲ್ಪ ಹೊತ್ತಿಗೆ ಅದೇ ಕಮಾಂಡ್ ಔಟ್‌ಪುಟ್ ಕೊಟ್ಟು ಮುಗಿಯುತ್ತೆ. ಆದ್ರೆ ಓಪನ್-ಐಸ್ಕಸಿಯಲ್ಲಿ (ಲಿನಕ್ಸ್‌ನ ಐ-ಸ್ಕಸಿ ಸಾಫ್ಟ್‌ವೇರ್) ಕನೆಕ್ಷನ್ ವಾಪಸ್ ಬರೋಕೆ ಕಾಯೋ ಟೈಮ್ ಡಿಫಾಲ್ಟ್ 120 ಸೆಕೆಂಡ್, ಅದು ದಾಟಿದ್ರೆ ಎರರ್ ಮೇಲಕ್ಕೆ ಹೋಗಿ ಫೈಲ್‌ಸಿಸ್ಟಮ್ ರೀಡ್-ಓನ್ಲಿ ಆಗ್ಬಹುದು. ರೂಟ್‌ಗೆ ಅದು ಸಾಲದು, 86400 ಸೆಕೆಂಡ್‌ಗೆ, ಅಂದ್ರೆ ಒಂದು ದಿನಕ್ಕೆ ಏರಿಸಿದೀನಿ.

ಸ್ಪೀಡ್ ಗಿಗಾಬಿಟ್ ಲಿಂಕ್‌ನಲ್ಲಿ ಎಷ್ಟು ಬರ್ಬೇಕೋ ಅಷ್ಟೇ, ಸೆಕೆಂಡಿಗೆ 110 ಎಂಬಿ ಆಸುಪಾಸು, ದಿನದ ಕೆಲಸಕ್ಕೆ ಸಾಕು. ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಮಾತ್ರ ಲನ್ ಮೇಲೆ ಇಡಲ್ಲ, ಮೆಮೊರಿ ಖಾಲಿಯಾದಾಗ ನೆಟ್‌ವರ್ಕ್‌ಗೂ ಮೆಮೊರಿ ಬೇಕಲ್ವಾ, ಸಿಸ್ಟಮ್ ಲಾಕ್ ಆಗೋ ಚಾನ್ಸ್ ಇದೆ, ಅದರ ಬದಲು ಮೆಮೊರಿಯಲ್ಲೇ ಕಂಪ್ರೆಸ್ ಮಾಡಿಡೋ ಝಡ್‌ರ್‍ಯಾಮ್ ಹಾಕಿದೀನಿ.

ಮುಂದಿನದು ಎರಡನೇ ಪಿಸಿ. ಒಂದೇ ಲನ್ ಎರಡೂ ಪಿಸಿಗೆ ಕೊಟ್ರೆ ಅದರ ಮೇಲಿರೋ ಎಕ್ಸ್ಟ್4 ಫೈಲ್‌ಸಿಸ್ಟಮ್ ಹಾಳಾಗುತ್ತೆ, ಹಾಗಾಗಿ ಪಿಸಿ ಆಫ್ ಮಾಡಿ ನ್ಯಾಸ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆದು ಕ್ಲೋನ್ ಮಾಡಿ, ಹೋಸ್ಟ್‌ನೇಮ್, ಮಶೀನ್ ಐಡಿ, ಎಸ್‌ಎಸ್‌ಎಚ್ ಕೀ, ಇನಿಶಿಯೇಟರ್ ಹೆಸರು (ಐ-ಸ್ಕಸಿಯಲ್ಲಿ ಪಿಸಿಯ ಗುರುತು) ಬದಲಾಯಿಸಬೇಕು. ಅದರ ಸ್ಕ್ರಿಪ್ಟ್ ಅರ್ಧ ಆಗಿದೆ.